ಸೀಟು ತುಂಬದೆ ಹೊರಡದ ಟಂಟಂ

ವಿಜಯಪುರದಲ್ಲಿ ಟಂಟಂ ಹತ್ತಿದವರಿಗೆಲ್ಲ ಗೊತ್ತು, ಸೀಟು ತುಂಬುವವರೆಗೂ ಗಾಡಿ ಅಲುಗುವುದಿಲ್ಲ. ಕಂಪ್ಯೂಟರ್ ಒಳಗೂ ಇದೇ ವ್ಯವಹಾರ ನಡೆಯುತ್ತದೆ ಅಂತ ನನಗೆ ಗೊತ್ತಾಗಿದ್ದು ಹೋದ ಬೇಸಿಗೆಯಲ್ಲಿ.

ತಿಕೋಟಾ ಕಡೆಯ ನೆಂಟರೊಬ್ಬರ ದ್ರಾಕ್ಷಿ ತೋಟದ ಉಷ್ಣಾಂಶದ ಲೆಕ್ಕ ನೂರಾರು ಫೈಲುಗಳಲ್ಲಿ ಚದುರಿತ್ತು. ಒಟ್ಟುಮಾಡಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. ಒಂದು ಫೈಲು ಮುಗಿದರೆ ಒಂದು ಸಾಲು ಕಾಣಬೇಕು, ಅಷ್ಟೇ.

ನಾನು ಬರೆಯುವುದು ಈಮ್ಯಾಕ್ಸ್‌ನಲ್ಲಿ. 1976ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎಡಿಟರ್, ಅಂದರೆ ಪ್ರೋಗ್ರಾಂ ಬರೆಯುವ, ತಿದ್ದುವ ಸಾಧನ ಇದು. ಈಗಿನ ಗ್ನೂ ಈಮ್ಯಾಕ್ಸ್ ಅನ್ನು ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಹೊರತಂದರು. ಲಿಸ್ಪ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಇದನ್ನು ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು. ಇದರೊಳಗಿಂದಲೇ ಕಮಾಂಡ್ ಓಡಿಸಲು ಎರಡು ದಾರಿ. ಮೊದಲನೆಯದರಲ್ಲಿ ಕೆಲಸ ಮುಗಿಯುವ ತನಕ ಎಡಿಟರ್ ಕಲ್ಲಿನಂತೆ ಕೂತುಬಿಡುತ್ತದೆ. ಎರಡನೆಯದು ಅಸಿಂಕ್. ಕಮಾಂಡ್ ಹಿಂದೆ ಓಡುತ್ತಿರುತ್ತದೆ, ಅದು ಉಗುಳಿದ್ದನ್ನು ಫಿಲ್ಟರ್ ಎಂಬ ಫಂಕ್ಷನ್ ಹಿಡಿದು ಕಿಟಕಿಯಲ್ಲಿ ಸೇರಿಸುತ್ತದೆ. ನಾವು ಕೀಲಿ ಒತ್ತದೆ ಸುಮ್ನೆ ಇರುವ ಕ್ಷಣಗಳಲ್ಲೇ ಈಮ್ಯಾಕ್ಸ್ ಈ ಕೆಲಸ ಮುಗಿಸಿಕೊಳ್ಳುತ್ತದೆ.

ನಾನು ಎರಡನೆಯದನ್ನೇ ಬಳಸಿದೆ. ಕಿಟಕಿ ತೆರೆಯಿತು. ಖಾಲಿ! ಚಹಾ ಕುಡಿದು ಬಂದೆ, ಆಗಲೂ ಖಾಲಿ. ಈಮ್ಯಾಕ್ಸ್ ಮೇಲೆ ಸಿಟ್ಟು ಬಂತು, ಆದರೆ ತಪ್ಪು ನನ್ನದೇ. ಬೇಡದ ಸಾಲು ತೆಗೆಯಲು ಕಮಾಂಡಿನ ಕೊನೆಗೆ ಪೈಪ್ ಹಾಕಿ ಗ್ರೆಪ್ ಸೇರಿಸಿದ್ದೆ. ಗ್ರೆಪ್ ಸಾಲುಗಳನ್ನು ಸೋಸುವ ಪ್ರೋಗ್ರಾಂ. ಪೈಪ್ ಅಂದರೆ ಒಂದು ಪ್ರೋಗ್ರಾಂ ಉಗುಳಿದ್ದನ್ನು ಇನ್ನೊಂದಕ್ಕೆ ಸಾಗಿಸುವ ಕೊಳವೆ.

ಪ್ರೋಗ್ರಾಂ ತನ್ನೆದುರು ಟರ್ಮಿನಲ್, ಅಂದರೆ ಮನುಷ್ಯ ನೋಡುತ್ತಿರುವ ಪರದೆ, ಇದೆ ಅಂದುಕೊಂಡರೆ ಸಾಲು ಸಾಲಾಗಿ ಕಳಿಸುತ್ತದೆ. ಈಮ್ಯಾಕ್ಸ್ ಕೂಡ ಪಿಟಿವೈ ಎಂಬ ನಕಲಿ ಟರ್ಮಿನಲ್ ತೋರಿಸಿ ಅದನ್ನು ನಂಬಿಸುತ್ತದೆ. ಎದುರಿಗೆ ಪೈಪ್ ಕಂಡರೆ ಮಾತ್ರ ಅದು ಟಂಟಂ ಚಾಲಕನ ಹಾಗೆ. ಲಿನಕ್ಸ್‌ನಲ್ಲಿ ಸಿ ಭಾಷೆಯ ಪ್ರೋಗ್ರಾಂಗಳ ಗಾಡಿಯಲ್ಲಿ ಸಾಮಾನ್ಯವಾಗಿ 4096 ಬೈಟ್ ಹಿಡಿಯುತ್ತದೆ, ಅಷ್ಟು ತುಂಬಿದ ಮೇಲೇ ಹೊರಡುವುದು. ಪೈಥಾನ್ ಕೂಡ ಹೀಗೇ ತುಂಬಿಸಿ ಕಳಿಸುತ್ತದೆ. ಪದೇ ಪದೇ ಕಳಿಸಿದರೆ ಸಮಯ ಜಾಸ್ತಿ ಹಿಡಿಯುತ್ತೆ, ಹಾಗಾಗಿ ಈ ಜಿಪುಣತನ ತಪ್ಪೇನಲ್ಲ. ನನ್ನ ಸಾಲುಗಳೋ ಇಷ್ಟಿಷ್ಟೇ ಉದ್ದ, ಗಾಡಿ ತುಂಬುವುದು ಯಾವಾಗ?

ಪೈಥಾನ್‌ಗೆ ‘ಮೈನಸ್ ಯು’ ಸೇರಿಸಿದೆ. ಅಂದರೆ ತುಂಬಲು ಕಾಯಬೇಡ, ಬಂದಹಾಗೆ ಬಿಡು ಅಂತ. ಸಾಲುಗಳು ಟಪಟಪ ಇಳಿಯತೊಡಗಿದವು. ಮೂವತ್ತನೆಯದೋ ಏನೋ, ಮೇ ತಿಂಗಳ ಮಧ್ಯಾಹ್ನಕ್ಕೆ ಸೊನ್ನೆ ಡಿಗ್ರಿ ಅಂತ ತೋರಿಸಿತು. ವಿಜಯಪುರದಲ್ಲಿ! ಕಂಟ್ರೋಲ್-ಸಿ ಎರಡು ಸಲ ಒತ್ತಿ ಅಲ್ಲೇ ನಿಲ್ಲಿಸಿದೆ.