ಎರಡು ರ್‍ಯಾಂಪ್‌ಗಾಗಿ 36 ವರ್ಷ: ಐ-95 ಕೂಡಿಕೊಂಡ ಕಥೆ

ಅಮೆರಿಕದ ಐ-95 ಹೆದ್ದಾರಿ ಮಯಾಮಿಯಲ್ಲಿ ಶುರುವಾಗಿ ಮೇನ್ ರಾಜ್ಯದಲ್ಲಿ ಕೆನಡಾ ಗಡಿ ಮುಟ್ಟುತ್ತದೆ. ಉದ್ದ ಸುಮಾರು 3,000 ಕಿಲೋಮೀಟರ್. ಇಷ್ಟು ದೊಡ್ಡ ರಸ್ತೆ 2018ರ ತನಕ ನ್ಯೂಜೆರ್ಸಿಯಲ್ಲಿ ತುಂಡಾಗಿತ್ತು.

ಫಿಲಡೆಲ್ಫಿಯಾ ಕಡೆಯಿಂದ ಬಂದವರು ಡೆಲವೇರ್ ನದಿ ದಾಟಿ ಟ್ರೆಂಟನ್ ಪಕ್ಕದ ಲಾರೆನ್ಸ್‌ಗೆ ತಲುಪುತ್ತಿದ್ದರು. ಯುಎಸ್ 1 ರಸ್ತೆಯ ಎಕ್ಸಿಟ್ ಬಂದ ಕೂಡಲೇ ಬೋರ್ಡು ಬದಲಾಗುತ್ತಿತ್ತು. ಅಲ್ಲಿವರೆಗೆ 'ಐ-95 ಉತ್ತರ', ಅಲ್ಲಿಂದಾಚೆ 'ಐ-295 ದಕ್ಷಿಣ'. ರಸ್ತೆ ಅದೇ, ಗಾಡಿ ಎಲ್ಲೂ ತಿರುಗಿಲ್ಲ! ನ್ಯೂಯಾರ್ಕಿಗೆ ಹೊರಟವರು ಸುಮ್ನೆ ನೇರ ಹೋದರೆ ಮತ್ತೆ ಫಿಲಡೆಲ್ಫಿಯಾ ಎದುರಿನ ಕ್ಯಾಮ್ಡೆನ್ ಕಡೆಗೇ ಇಳಿಯಬೇಕಿತ್ತು. ಹೊಸಬರಿಗೆ ಎಷ್ಟು ಗಾಬರಿಯಾಗಿರಬೇಕು, ಅಲ್ವಾ?

ಮೂಲ ಯೋಜನೆ ಹೀಗಿರಲಿಲ್ಲ. ಟ್ರೆಂಟನ್ ಹತ್ತಿರದ ಹೋಪ್‌ವೆಲ್‌ನಿಂದ ಹಿಲ್ಸ್‌ಬರೋ ಕಡೆ ಹಾದು ಐ-287 ಹೆದ್ದಾರಿ ಸೇರುವ 'ಸಾಮರ್‌ಸೆಟ್ ಫ್ರೀವೇ' ಬರಬೇಕಿತ್ತು. ತಮ್ಮ ಹೊಲ, ಮನೆಗಳ ನಡುವೆ ಹೆದ್ದಾರಿ ಬೇಡ ಎಂದು ಅಲ್ಲಿನ ಜನ ಪಟ್ಟು ಹಿಡಿದರು. 1982ರಲ್ಲಿ ಯೋಜನೆ ರದ್ದಾಯಿತು. ಅವರು ಬೇಡ ಎಂದದ್ದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಯಾಕೆಂದರೆ ಬೇರೆ ದಾರಿ ಕಣ್ಣೆದುರಿಗೇ ಇತ್ತು.

ಪೆನ್ಸಿಲ್ವೇನಿಯಾದ ಬ್ರಿಸ್ಟಲ್‌ನಲ್ಲಿ ಐ-95 ಮತ್ತು ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಒಂದರ ಮೇಲೊಂದು ಹಾದುಹೋಗುತ್ತವೆ. ಟರ್ನ್‌ಪೈಕ್ ಹಿಡಿದರೆ ನದಿ ದಾಟಿ, ಎಕ್ಸಿಟ್ 6ರ ಮೂಲಕ ನ್ಯೂಜೆರ್ಸಿ ಟರ್ನ್‌ಪೈಕ್ ಸೇರಬಹುದು. ಅಲ್ಲಿಂದ ನ್ಯೂಯಾರ್ಕ್ ನೇರ ದಾರಿ. ಆದರೆ ಬ್ರಿಸ್ಟಲ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಲು ರ್‍ಯಾಂಪೇ ಇರಲಿಲ್ಲ. ಟರ್ನ್‌ಪೈಕ್ ಟೋಲ್ ರಸ್ತೆ. ಟೋಲ್ ರಸ್ತೆಗೆ ಕೊಂಡಿ ಹಾಕಲು ಇಂಟರ್‌ಸ್ಟೇಟ್ (ಐ-95ರಂಥ ರಾಷ್ಟ್ರೀಯ ಹೆದ್ದಾರಿಗಳ) ಹಣ ಬಳಸುವುದಕ್ಕೆ ಕೇಂದ್ರದ ನಿಯಮಗಳು ಅಡ್ಡಿಯಾಗಿದ್ದವು.

1982ರಲ್ಲೇ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿ ಈ ಕೊಂಡಿಗೆ ದಾರಿ ಮಾಡಿಕೊಟ್ಟಿತು. ಕೆಲಸ ಶುರುವಾಗಿದ್ದು 2010ರಲ್ಲಿ. ಗಾಡಿಗಳು ಓಡಿದ್ದು 2018ರ ಸೆಪ್ಟೆಂಬರ್ 22ಕ್ಕೆ. ಅಂದರೆ ಕಾನೂನು ಬಂದು 36 ವರ್ಷ!

ಆ ವರ್ಷವೇ ಟ್ರೆಂಟನ್ ಸುತ್ತಿನ ಹಳೆಯ ಐ-95 ಪೂರ್ತಿ ಐ-295 ಆಯಿತು. ಎಕ್ಸಿಟ್ ನಂಬರ್‌ಗಳೂ ಬದಲಾದವು. ಪ್ರಿನ್ಸ್‌ಟನ್ ಪೈಕ್‌ನ ಎಕ್ಸಿಟ್ 8 ಈಗ 68. ಇದು ಸಣ್ಣ ವಿಷಯವಲ್ಲ. ನ್ಯೂಜೆರ್ಸಿಯಲ್ಲಿ ಊರಿನ ಗುರುತೇ ಎಕ್ಸಿಟ್ ನಂಬರ್. ಎಡಿಸನ್‌ನಲ್ಲಿರುವ ನಮ್ಮ ಕನ್ನಡದವರೂ ಟರ್ನ್‌ಪೈಕ್‌ನಲ್ಲಿ ಬರುವ ನೆಂಟರಿಗೆ ದಾರಿ ಹೇಳುವುದು 'ಎಕ್ಸಿಟ್ 10ರಲ್ಲಿ ಇಳೀರಿ' ಅಂತಲೇ.

2018ರಲ್ಲಿ ತೆರೆದದ್ದು ಮಾತ್ರ ಎರಡೇ ರ್‍ಯಾಂಪ್: ಐ-95 ಉತ್ತರದಿಂದ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಪೂರ್ವಕ್ಕೆ ಒಂದು, ವಾಪಸ್ ಬರಲು ಇನ್ನೊಂದು. ಹ್ಯಾರಿಸ್‌ಬರ್ಗ್ ಕಡೆಯಿಂದ ಟರ್ನ್‌ಪೈಕ್‌ನಲ್ಲಿ ಬಂದವರು ಇಲ್ಲಿ ಐ-95 ದಕ್ಷಿಣಕ್ಕೆ ಸೇರಬೇಕೆಂದರೆ ಟರ್ನ್‌ಪೈಕ್ ಬಿಟ್ಟು ಬೇರೆ ರಸ್ತೆ ಹಿಡಿದೇ ಹೋಗಬೇಕು.