ಸ್ಲೀವ್ ಸರ್ಜರಿ ಆದ ಮೇಲೂ ತೂಕ ಮರಳುವುದು ಹೇಗೆ? ಗಂಜಿಯ ಗೊಂದಲ ಬಿಡಿಸಿಕೊಂಡ ಟಿಪ್ಪಣಿ

ಶಿವಮೊಗ್ಗದಲ್ಲಿ ನನ್ನ ಜೊತೆ ನರ್ಸಿಂಗ್ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೂಕ ಇಳಿಸಲು ಜಠರಕ್ಕೆ ಮಾಡುವ ಸರ್ಜರಿಯ ವಿಧಗಳು ಎಲ್ಲರ ನೋಟ್ಸಿನಲ್ಲೂ ಇವೆ. ಸ್ಲೀವ್‌ನಲ್ಲಿ ಜಠರದ ಶೇ. 75ರಿಂದ 80 ಭಾಗ ತೆಗೆದು ಬಾಳೆಕಾಯಿ ಆಕಾರದ ಕೊಳವೆ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚೀಲ ಮಾಡಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಇಷ್ಟು ನೆನಪಿದ್ದರೆ ಸಾಕು.

ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಜಠರ ಅಷ್ಟು ಚಿಕ್ಕದಾದ ಮೇಲೆ ತೂಕ ಮತ್ತೆ ಏರುವುದಾದರೂ ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮನಿಗೆ ಸ್ಲೀವ್ ಆಗಿ ಮೂರು ವರ್ಷ. 110 ಕೆ.ಜಿ. ಇದ್ದವರು ಒಂದೂವರೆ ವರ್ಷದಲ್ಲಿ 75ಕ್ಕೆ ಇಳಿದಿದ್ದರು, ಈಗ 81. "ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತೆ ಮಗಾ, ನಾನೇನು ತಿಂತೀನಿ ಅಂತ ಏರುತ್ತೆ?" ಅಂತ ಕೇಳುತ್ತಿದ್ದರು. ರಜೆಯಲ್ಲಿ ಹೋದಾಗ ಅವರನ್ನು ಕೇಳಿಕೊಂಡೇ ಒಂದು ದಿನ ತಿಂದಿದ್ದನ್ನೆಲ್ಲ ಬರೆದಿಟ್ಟೆ. ಆರೂವರೆಗೆ ಸಕ್ಕರೆ ಹಾಕಿದ ಕಾಫಿ. ಎಂಟಕ್ಕೆ ತುಪ್ಪ ಹಾಕಿದ ಗಂಜಿ, ಅರ್ಧ ಬಟ್ಟಲು. ಒಂಬತ್ತೂವರೆಗೆ ಉಳಿದರ್ಧ. ಹನ್ನೊಂದಕ್ಕೆ ಮತ್ತೆ ಕಾಫಿ, ಎರಡು ಹಲಸಿನ ಹಪ್ಪಳ. ರಾತ್ರಿಯೊಳಗೆ ಒಂಬತ್ತು ಸಲ ಆಯಿತು. ನಾಲ್ಕು ತುತ್ತು ಅಂದಿದ್ದು ನಿಜವೇ. ಆದರೆ ಅದು ಒಂಬತ್ತು ಸಲದ ನಾಲ್ಕು ತುತ್ತು.

ಉತ್ತರ ಇಲ್ಲಿದೆ. ಸರ್ಜರಿ ಚಿಕ್ಕದು ಮಾಡುವುದು ಒಂದು ಸಲಕ್ಕೆ ಹಿಡಿಯುವ ಪ್ರಮಾಣವನ್ನು. ಗಟ್ಟಿ ಆಹಾರ ಆ ಕೊಳವೆಯಿಂದ ನಿಧಾನಕ್ಕೆ ಇಳಿಯುತ್ತದೆ, ಹೊಟ್ಟೆ ತುಂಬಿದ ಭಾವ ಉಳಿಯುತ್ತದೆ. ಗಂಜಿ ಜಾರಿ ಹೋಗುತ್ತದೆ, ಗಂಟೆಯೊಳಗೆ ಮತ್ತೆ ಜಾಗ ಖಾಲಿ. ನನ್ನನ್ನು ಗೊಂದಲಕ್ಕೆ ಹಾಕಿದ್ದು ಸರ್ಜರಿ ಆದ ಹೊಸದರಲ್ಲಿ ಡಾಕ್ಟರೇ ಗಂಜಿ ಕುಡಿಸಿದ್ದು. ಮೊದಲು ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ಕೊನೆಗೆ ಗಟ್ಟಿ. ಹೊಲಿಗೆ ಮಾಗಲಿ ಅಂತ ಇಟ್ಟ ಮೆಟ್ಟಿಲುಗಳಿವು. ಮನೆಯವರು "ಹೊಟ್ಟೆಗೆ ಹಗುರ" ಅಂತ ಅದೇ ಮೆಟ್ಟಿಲಲ್ಲಿ ಉಳಿದುಬಿಡುತ್ತಾರೆ. ಮಾಗುವ ಕಾಲದ ಊಟವೇ ಬೇರೆ, ತೂಕ ಕಾಯುವ ಕಾಲದ ಊಟವೇ ಬೇರೆ. ಇದನ್ನು ನಾನು ಮೂರು ಸಲ ಬರೆದ ಮೇಲೆ ತಲೆಗೆ ಇಳಿಯಿತು.

ಲೆಕ್ಕವನ್ನೂ ನೋಡಿ. 50 ಗ್ರಾಂ ಅಕ್ಕಿ, 50 ಗ್ರಾಂ ಹುರುಳಿ, ಎರಡರ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, 165ರಿಂದ 175. ಪ್ರೋಟೀನ್ ಮಾತ್ರ ಅಕ್ಕಿಯಲ್ಲಿ ಮೂರೂವರೆ ಗ್ರಾಂ, ಹುರುಳಿಯಲ್ಲಿ 11. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಇಷ್ಟು ಚಿಕ್ಕ ಜಾಗವನ್ನು ಅಕ್ಕಿಗೆ ಕೊಟ್ಟರೆ ಆ 60 ಗ್ರಾಂ ತುಂಬಿಸುವುದೆಲ್ಲಿಂದ?

ನನ್ನ ಗುರುತು ಒಂದೇ: ಅಗಿಯದೆ ನುಂಗಲು ಬರುತ್ತದೆಯೇ? ಬಂದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಪ್ಪಳ ಕುರುಕುರು ಅಂದರೂ ಬಾಯಲ್ಲೇ ಪುಡಿಯಾಗುತ್ತದೆ, ಜಾರುವ ಗುಂಪಿಗೇ ಸೇರಿಸಿ. ಕಡುಬನ್ನು ಅಗಿಯಬೇಕು ನಿಜ, ಆದರೆ ಅದು ಅಕ್ಕಿಯೇ. ಹಾಗಾಗಿ ತಟ್ಟೆಯಲ್ಲಿ ಮೊದಲು ಮೊಟ್ಟೆ ಅಥವಾ ಹುರುಳಿ ಉಸಲಿ, ಆಮೇಲೆ ಪಲ್ಯ, ಜಾಗ ಉಳಿದರೆ ಮಾತ್ರ ರೊಟ್ಟಿಯ ತುಂಡು. ಊಟ ಆಗಿ ಅರ್ಧ ಗಂಟೆ ನೀರಿಲ್ಲ. ಅನ್ನ ತೇಲುವಷ್ಟು ಸಾರು ಸುರಿದುಕೊಂಡರೆ ಅದೂ ನೀರು ಕುಡಿದ ಹಾಗೆಯೇ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಚಿಕ್ಕಮ್ಮನ ತಟ್ಟೆ ನೋಡಿ ಹೊಳೆದದ್ದು.

ಬೈಪಾಸ್ ಆದವರಿಗೆ ಇನ್ನೊಂದು ಎಚ್ಚರ. ಮಲೆನಾಡಿನಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ರೂಢಿ. ಸಿಹಿ ಒಮ್ಮೆಲೆ ಕರುಳಿಗಿಳಿದರೆ 10ರಿಂದ 30 ನಿಮಿಷದಲ್ಲಿ ಹೊಟ್ಟೆನುಲಿತ, ಬೆವರು, ಎದೆ ಡವಡವ. ಒಂದರಿಂದ ಮೂರು ಗಂಟೆಯ ಮೇಲೆ ಬರುವುದು ಬೇರೆ, ಇನ್ಸುಲಿನ್ ಜಾಸ್ತಿಯಾಗಿ ಸಕ್ಕರೆ ಕುಸಿಯುವುದು. ತಿಂದದ್ದು ಹೀಗೆ ಒಮ್ಮೆಲೆ ಕರುಳಿಗೆ ಸುರಿದು ಆಗುವ ತೊಂದರೆಗೆ ಡಂಪಿಂಗ್ ಅನ್ನುತ್ತಾರೆ: ಮೊದಲನೆಯದು ಬೇಗ ಬರುವುದು, ಎರಡನೆಯದು ತಡವಾಗಿ ಬರುವುದು. ಪರೀಕ್ಷೆಯಲ್ಲಿ ಎರಡನ್ನೂ ಬರೀ ಡಂಪಿಂಗ್ ಅಂತ ಒಂದೇ ಸಾಲಿನಲ್ಲಿ ಬರೆಯಬೇಡಿ.

ನಡಿಗೆ ವಾರಕ್ಕೆ 150 ನಿಮಿಷ. ಆಗುಂಬೆ ಕಡೆಯ ಮಳೆಯಲ್ಲಿ ಜಗಲಿ ಮೇಲೆಯೇ ಸಾಗಬೇಕು. ಜೊತೆಗೆ ಸ್ನಾಯುವಿಗೆ ಭಾರ ಬೀಳುವ ವ್ಯಾಯಾಮವೂ ಬೇಕು.

ಶೇಕಡಾ ಬರೆಯುವಾಗ ಯಾವುದರಿಂದ ಭಾಗಿಸಿದ್ದು ಅಂತ ಹೇಳಿ. ಚಿಕ್ಕಮ್ಮನಿಗೆ ಮರಳಿದ ಆ 6 ಕೆ.ಜಿ. ಕಳೆದುಕೊಂಡ 35ಕ್ಕೆ ಶೇ. 17, ಅತಿ ಕಡಿಮೆಯಾದ 75ಕ್ಕೆ ಶೇ. 8. ಮನೆಯವರು ಶೇ. 17 ಕೇಳಿ ಗಾಬರಿಯಾದರು. ಒಂದೆರಡು ವರ್ಷದ ತಗ್ಗಿನ ನಂತರ ಸ್ವಲ್ಪ ಏರುವುದು ಬಹಳ ಜನರಲ್ಲಿ ಆಗುತ್ತದೆ. ತೂಕ ಏರುತ್ತಲೇ ಹೋದರೆ, ಒಮ್ಮೆಲೆ ಜಾಸ್ತಿ ತಿನ್ನಲು ಆದರೆ, ಅಥವಾ ವಾಂತಿ ನಿಲ್ಲದಿದ್ದರೆ ಸರ್ಜನ್ ಹತ್ತಿರ ಕಳಿಸಿ. ಥೈರಾಯ್ಡ್, ಹೊಸದಾಗಿ ಶುರುಮಾಡಿದ ಮಾತ್ರೆಗಳು, ಇವನ್ನೂ ಕೇಳಿ.

ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಎರಡು ಗಂಟೆ ಇರಲಿ. ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ಕೊಡಬೇಡಿ.