ಲೇನ್‌ಗಳ ನಡುವೆ ಬೈಕ್: ಅನುಮತಿ ಇದ್ದರೂ ತಪ್ಪು ನಿಮ್ಮದಾಗಬಹುದು

‘ಎರಡು ಲೇನ್ ಮಧ್ಯೆ ಹೋಗಬಹುದು ಅಂತ ಕಾನೂನೇ ಹೇಳುತ್ತೆ ಸಾರ್. ಅಂದ್ಮೇಲೆ ಪೂರ್ತಿ ತಪ್ಪು ಕಾರಿನವನದೇ ಅಲ್ವಾ?’

ಅಪಘಾತ ಪರಿಹಾರದ ಕೇಸುಗಳಲ್ಲಿ ನಾನು ಬೈಕ್ ಸವಾರರ ಪರ ವಾದಿಸುವ ವಕೀಲ. ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕೂತವರು ಹೀಗೆ ಕೇಳಿದಾಗ ‘ಅಲ್ಲಪ್ಪಾ’ ಅನ್ನಲು ಸಂಕಟವಾಗುತ್ತದೆ. ಆದರೂ ವಾರಕ್ಕೊಮ್ಮೆಯಾದರೂ ಅನ್ನಬೇಕಾಗುತ್ತದೆ.

ಎಲ್ಲಿ ಅನುಮತಿ ಇದೆ ಅನ್ನೋದನ್ನು ಬೇಗ ಮುಗಿಸುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ ಮಾಡಿದ ಕಾನೂನು 2017ರಿಂದ ಜಾರಿಯಲ್ಲಿದೆ. ನಿಂತ ವಾಹನಗಳ ನಡುವೆಯೂ ಹೋಗಬಹುದು, ಚಲಿಸುವ ವಾಹನಗಳ ನಡುವೆಯೂ ಹೋಗಬಹುದು. ಅಲ್ಲಿನದೇ ಇನ್ನೊಂದು ರಾಜ್ಯ ಯೂಟಾದಲ್ಲಿ 2019ರಿಂದ ಅವಕಾಶ ಇದೆ. ಆದರೆ ಪಕ್ಕದ ವಾಹನಗಳು ನಿಂತಿರಬೇಕು, ಬೈಕ್ ಗಂಟೆಗೆ 15 ಮೈಲಿ ಮೀರಬಾರದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2014ರಿಂದ ಅವಕಾಶ ಇದೆ, ಗಂಟೆಗೆ 30 ಕಿ.ಮೀ. ಮಿತಿ, ಕಲಿಯುವವರಿಗೆ ಅವಕಾಶವೇ ಇಲ್ಲ. ಭಾರತದಲ್ಲಿ ಲೇನ್ ಗುರುತು ಇದ್ದ ಕಡೆ ಲೇನ್ ಒಳಗೇ ಓಡಿಸಬೇಕು ಅನ್ನುವುದು ನಿಯಮ.

ಇಷ್ಟು ಓದಿ ‘ನನ್ನ ಕೇಸು ಗೆದ್ದ ಹಾಗೆ’ ಅಂದುಕೊಳ್ಳಬೇಡಿ. ಅನುಮತಿ ಇದೆಯಾ ಅನ್ನುವುದು ದಂಡ ಬೀಳುತ್ತದೋ ಇಲ್ಲವೋ ಅನ್ನುವಾಗಿನ ಪ್ರಶ್ನೆ. ನಷ್ಟ ಯಾರು ಹೊರಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಆ ಜಾಗದಲ್ಲಿ, ಆ ಹೊತ್ತಿನಲ್ಲಿ, ಆ ವೇಗದಲ್ಲಿ ನುಗ್ಗಿದ್ದು ಎಚ್ಚರಿಕೆ ಇದ್ದವರು ಮಾಡುವ ಕೆಲಸವಾ? ಕೋರ್ಟು ನೋಡುವುದು ಇದನ್ನು.

ಬ್ರಿಟನ್ನಿನ ಎರಡು ತೀರ್ಪು ನೋಡಿ. ಅಲ್ಲಿ ನಿಧಾನ ಸಾಗುವ ವಾಹನಗಳ ಸಾಲನ್ನು ಬೈಕ್ ಪಕ್ಕದಿಂದ ದಾಟಿಕೊಂಡು ಮುಂದೆ ಹೋಗುವುದು ಅಪರಾಧವಲ್ಲ. 1966ರ ಕೇಸಿನಲ್ಲಿ ಸವಾರ ನಿಂತ ಸಾಲನ್ನು ದಾಟುತ್ತಿದ್ದ. ಅಡ್ಡರಸ್ತೆಯಿಂದ ಬಂದ ಕಾರು ಸಾಲಿನ ಸಂದಿಯಲ್ಲಿ ಹೊರಬಂತು. ಸವಾರನ ತಪ್ಪು ಶೇ 80 ಅಂದಿತು ಮೇಲ್ಮನವಿ ನ್ಯಾಯಾಲಯ. 2006ರ ಕೇಸಿನಲ್ಲೂ ಸವಾರ ಸಾಲು ದಾಟುತ್ತಲೇ ಇದ್ದ. ಸಾಲಿನಲ್ಲಿದ್ದ ಕಾರು ಯು-ಟರ್ನ್ ಹೊಡೆಯಿತು. ಆಗ ಪೂರ್ತಿ ಹೊಣೆ ಕಾರಿನವರ ಮೇಲೆ ಬಿತ್ತು. ಸವಾರರಿಬ್ಬರೂ ಮಾಡಿದ್ದು ಹೆಚ್ಚುಕಡಿಮೆ ಒಂದೇ. ಫಲ ಮಾತ್ರ ಅಜಗಜಾಂತರ.

ತಿರುಗಿಸಿ ನೋಡಿದರೂ ಅಷ್ಟೇ. ಒಂದು ಬೈಕಿನಲ್ಲಿ ಮೂವರು ಹೋಗುವುದು ನಿಯಮ ಮುರಿದಂತೆ. ಆದರೆ ಅಪಘಾತಕ್ಕೆ ಅದು ಕಾರಣ ಅನ್ನಲು ಸಾಕ್ಷ್ಯ ಇಲ್ಲದಿದ್ದರೆ ಅದೊಂದಕ್ಕೇ ಪರಿಹಾರ ಕಡಿತ ಮಾಡಬಾರದು ಎಂದು ಭಾರತದ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಾಗಿ ಲೇನ್ ನಡುವೆ ಹೋಗಲು ನಿಷೇಧ ಇರುವ ಕಡೆ ಪೆಟ್ಟು ತಿಂದವರು ‘ನನಗೇನೂ ಸಿಗಲ್ಲ’ ಅಂತ ಸುಮ್ನೆ ಕೂರಬೇಡಿ. ನಿಮ್ಮ ಕೇಸಿನ ವಿವರ ನೋಡದೆ ನಾನು ಯಾವ ಭರವಸೆಯನ್ನೂ ಕೊಡಲಾರೆ. ಆದರೆ ಕೇಳಿ ನೋಡಿ.

ಹಿಂದೊಮ್ಮೆ ಒಬ್ಬ ಹುಡುಗ ಹೆಲ್ಮೆಟ್ ಕ್ಯಾಮೆರಾದ ವಿಡಿಯೊ ತಂದಿದ್ದ. ಒಳ್ಳೆ ಹುಡುಗ, ಅಮ್ಮನನ್ನೂ ಜೊತೆಗೆ ಕರೆತಂದಿದ್ದ. ಮೊಬೈಲ್ ಮೇಜಿನ ಮೇಲಿಟ್ಟು ‘ನೋಡಿ ಸಾರ್, ಹೇಗೆ ಅಡ್ಡ ಬಂದ’ ಅಂದ. ನಿಧಾನಗತಿಯಲ್ಲಿ ಹಾಕಿ ನೋಡಿದೆವು. ಎಡಗಡೆ ಕಾರಿನ ಇಂಡಿಕೇಟರ್ ಮಿನುಗಿತು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಮುಂದಿನ ಚಕ್ರ ತಿರುಗಿತು. ಅಷ್ಟೂ ಹೊತ್ತು ಬೈಕಿನ ವೇಗ ಒಂಚೂರೂ ತಗ್ಗಿರಲಿಲ್ಲ. ಅವನಮ್ಮ ಮೊಬೈಲ್ ಕೈಗೆತ್ತಿಕೊಂಡು ಇನ್ನೊಮ್ಮೆ ಹಾಕಿ ನೋಡಿದರು.

ಆ ಕೇಸು ನಡೆಸಿದೆ. ಕಾರಿನವರೂ ಕನ್ನಡಿ ನೋಡಿರಲಿಲ್ಲ ಅನ್ನುವುದನ್ನು ತೋರಿಸಿದೆ. ಹೊಣೆ ಇಬ್ಬರಿಗೂ ಹಂಚಿಹೋಯಿತು. ನಿಮ್ಮಲ್ಲೂ ಅಂಥ ವಿಡಿಯೊ ಇದ್ದರೆ ದಯವಿಟ್ಟು ಕತ್ತರಿಸದೆ, ಪೂರ್ತಿಯಾಗಿ ವಕೀಲರ ಕೈಗೆ ಕೊಡಿ.